ಫ್ಲಾರಿಡಾ ಬಿಟ್ಟೂ ಗೋರ್ ಗೆಲ್ಲಬಹುದಿತ್ತೇ?

ಪ್ರಶ್ನೆ: 2000ರ ಅಮೆರಿಕ ಚುನಾವಣೆಯಲ್ಲಿ ಫ್ಲಾರಿಡಾ ಸೋತರೂ ಅಲ್ ಗೋರ್ ಅಧ್ಯಕ್ಷರಾಗಬಹುದಿತ್ತೇನ್ರಿ? ಲೆಕ್ಕ ಹೆಂಗ?
— ಓದುಗರೊಬ್ಬರು, ಗದಗ

ಉತ್ತರ: ಆಗಬಹುದಿತ್ತು. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿದ ಎಲೆಕ್ಟೋರಲ್ ಮತಗಳು: ಒಟ್ಟು 538, ಗೆಲುವಿಗೆ 270. ಎದುರಾಳಿ ಜಾರ್ಜ್ ಬುಷ್‌ಗೆ ಬಂದದ್ದು 271. ಗೋರ್ ಗೆದ್ದ ಕಡೆಗಳ ಮೊತ್ತ 267. ಎಲ್ಲರ ಕಣ್ಣು 537 ಮತಗಳ ಅಂತರದ ಫ್ಲಾರಿಡಾ ಮೇಲೆ. ನೀವು ನ್ಯೂ ಹ್ಯಾಂಪ್‌ಶೈರ್ ನೋಡ್ರಿ: ಅಂತರ 7,211. ಅಂದರೆ 3,606 ಮಂದಿ ಬುಷ್ ಬಿಟ್ಟು ಗೋರ್‌ಗೆ ಹಾಕಿದ್ದರೆ ಸಾಕಿತ್ತು. ಅಲ್ಲಿನ 4 ಎಲೆಕ್ಟೋರಲ್ ಮತ ಇತ್ತ ಬಂದರೆ ಗೋರ್ 271, ಬುಷ್ 267.

ಬಹಳ ಜನ ಎಡವುವುದು ದೇಶದ ಒಟ್ಟು ಮತ ಹಿಡಿದು ಕೂಡುವಲ್ಲಿ. ಅದರಲ್ಲಿ ಗೋರ್ ಸುಮಾರು 5.4 ಲಕ್ಷ ಮುಂದಿದ್ದರು, ಏನು ಬಂತು? ಹಾವೇರಿ ಲೋಕಸಭಾ ಕ್ಷೇತ್ರವನ್ನು ಒಂದೇ ಮತದಿಂದ ಗೆದ್ದರೂ ಸೀಟು ಪೂರ್ತಿ ನಿಮ್ಮದೇ ಅಲ್ಲವೇ, ಮೇನ್, ನೆಬ್ರಾಸ್ಕಾ ರಾಜ್ಯ ಬಿಟ್ಟರೆ ಅಲ್ಲಿಯೂ ಹಾಗೇ: ರಾಜ್ಯ ಗೆದ್ದವರಿಗೇ ಅದರ ಎಲೆಕ್ಟೋರಲ್ ಮತ ಪೂರ್ತಿ.

ವಾಷಿಂಗ್ಟನ್ ಡಿ.ಸಿ.ಯ ಎಲೆಕ್ಟರ್ (ಎಲೆಕ್ಟೋರಲ್ ಮತ ಹಾಕುವ ಪ್ರತಿನಿಧಿ) ಒಬ್ಬರು ಗೋರ್‌ಗೆ ಹಾಕಬೇಕಿದ್ದ ಮತವನ್ನು ಖಾಲಿ ಬಿಟ್ಟಿದ್ದರು. ಆ 271ರಲ್ಲಿ ಅದನ್ನು ಕಳೆದರೂ 270, ಗೆಲುವಿಗೆ ಸಾಕು!