ಹತ್ತು ಅಂದರೆ ನೂರು ಮಾಡುವ ಯಜಮಾನರು

ನಾನು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಫಿಸಿಯೋಥೆರಪಿ ವಿಭಾಗದಿಂದ ನನ್ನ ಕೋಣೆಗೆ ಬರುವವರು ಕಡಿಮೆ. ‘ಭುಜ ನೋವಿಗೂ ನಿಮಗೂ ಎಂತ ಸಂಬಂಧ ಮೇಡಮ್?’ ಎಂದು ಆ ದಿನ ಬಂದವರು ಕೂರುವ ಮೊದಲೇ ಕೇಳಿದರು. ಘಟ್ಟದ ಮೇಲಿನ ಅಡಿಕೆ ತೋಟದವರು, 55ರ ಆಸುಪಾಸು. ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ. ಅವರ ಹೆಂಡತಿ ಕರೆಯುವ ಹಾಗೆ ನಾನೂ ಯಜಮಾನರು ಎನ್ನುತ್ತೇನೆ.

ನನ್ನ ಸಹೋದ್ಯೋಗಿ ಫಿಸಿಯೋಥೆರಪಿಸ್ಟ್ ಕಳಿಸಿದ ಚೀಟಿಯಲ್ಲಿ ಒಂದೇ ಸಾಲಿತ್ತು: ‘ಹತ್ತು ಸಲ ಮಾಡಿ ಅಂದರೆ ನೂರು ಸಲ ಮಾಡುತ್ತಾರೆ, ಆಮೇಲೆ ನಾಲ್ಕು ದಿನ ಕೈಯನ್ನೇ ಅಲ್ಲಾಡಿಸುವುದಿಲ್ಲ.’

ನೋವು ಶುರುವಾದದ್ದು ಮಳೆಗಾಲದಲ್ಲಿ. ಕೊಳೆರೋಗ ಬರುವ ಮೊದಲು ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು, ಮಳೆ ಬಿಡುವು ಕೊಡುವುದೇ ನಾಲ್ಕಾರು ದಿನ. ಮರ ಹತ್ತುವ ಕೊನೆಗೌಡರು ಸಿಗಲಿಲ್ಲ. ನೆಲದಲ್ಲೇ ನಿಂತು ಮದ್ದು ಹೊಡೆಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ, ಮನೆಯಲ್ಲಿತ್ತು, ತಾವೇ ಹಿಡಿದರು. ದೋಟಿ ಹಗುರ ಎಂದು ಎಲ್ಲರೂ ಹೇಳುತ್ತಾರೆ. ನೆಲಕ್ಕೆ ಊರಿದಾಗ ಹಗುರವೇ. ಮುಖ ಮೇಲೆ ಮಾಡಿ, ತೋಳು ಎತ್ತಿ, ತೂಗಾಡುವ ತುದಿಯನ್ನು ಕೊನೆಯ ಮೇಲೆ ನಿಲ್ಲಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ನಿಂತರೆ ಅದರ ನಿಜವಾದ ತೂಕ ಭುಜಕ್ಕೆ ಗೊತ್ತಾಗುತ್ತದೆ. ಐದನೇ ದಿನ ರಾತ್ರಿ ಬಲಮಗ್ಗುಲಿಗೆ ಮಲಗಲು ಆಗಲಿಲ್ಲ. ಉಳುಕು ತೆಗೆಯುವವರೊಬ್ಬರಲ್ಲಿ ಹೋಗಿ ಕೈ ಎಳೆಸಿಕೊಂಡರು. ಮರುದಿನದಿಂದ ಅಂಗಿ ತೊಡಲಿಕ್ಕೂ ಹೆಂಡತಿ ಬೇಕಾಯಿತು.

ವೈದ್ಯರು ಪರೀಕ್ಷಿಸಿ, ಸ್ಕ್ಯಾನ್ ನೋಡಿ ಹೇಳಿದ್ದು ಸಬ್‌ಅಕ್ರೋಮಿಯಲ್ ಬರ್ಸೈಟಿಸ್. ಯಜಮಾನರಿಗೆ ಆ ಹೆಸರೇ ದೊಡ್ಡ ರೋಗದಂತೆ ಕೇಳಿಸಿತ್ತು. ಹಾಗಾಗಿ ಮೊದಲ ಭೇಟಿಯ ಅರ್ಧ ಹೊತ್ತು ನಾವಿಬ್ಬರೂ ಸೇರಿ ಅದನ್ನು ಬಿಡಿಸಿಟ್ಟೆವು. ಭುಜದ ನೆತ್ತಿಯಲ್ಲಿ ಚಾವಣಿಯಂತೆ ಒಂದು ಮೂಳೆ ಇದೆ. ಅದರ ಅಡಿಯಲ್ಲಿ ತೋಳನ್ನು ಎತ್ತುವ ಸ್ನಾಯುವಿನ ಗಟ್ಟಿ ಪಟ್ಟಿ ಹಾದುಹೋಗುತ್ತದೆ. ಇವೆರಡೂ ಉಜ್ಜಿಕೊಳ್ಳದಂತೆ ನಡುವೆ ಒಂದು ತೆಳು ಚೀಲ, ಅದೇ ಬರ್ಸಾ. ‘ಪ್ಲಾಸ್ಟಿಕ್ ಕೊಟ್ಟೆಯೊಳಗೆ ಎರಡು ಹನಿ ಎಣ್ಣೆ ಬಿಟ್ಟು ಬಾಯಿ ಕಟ್ಟಿ, ಮೇಲಿಂದ ಉಜ್ಜಿ ನೋಡಿ, ಹೇಗೆ ಜಾರುತ್ತದೆ’ ಎಂದೆ. ಉರಿಯೂತವಾದಾಗ ಈ ಚೀಲ ದಪ್ಪವಾಗುತ್ತದೆ, ಒಳಗೆ ನೀರು ಹೆಚ್ಚುತ್ತದೆ. ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಹಿಡಿಯುತ್ತದೆ, ದಾಟಿದ ಮೇಲೆ ಸ್ವಲ್ಪ ಸಡಿಲ.

ಅವರ ಇನ್ನೊಂದು ಹೆದರಿಕೆ ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಹೆಚ್ಚು, ಇವರಿಗೂ ಸಕ್ಕರೆ ಇದೆ, ಪಕ್ಕದ ಮನೆಯವರು ಅದರಲ್ಲೇ ವರ್ಷಗಟ್ಟಲೆ ನರಳಿದ್ದಾರೆ. ಹೆದರಿದ್ದು ತಪ್ಪಲ್ಲ. ಆದರೆ ಫ್ರೋಜನ್ ಶೋಲ್ಡರ್‌ನಲ್ಲಿ ಬೇರೆಯವರು ಎತ್ತಿದರೂ ಕೈ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಇವರ ಕೈಯನ್ನು ಫಿಸಿಯೋಥೆರಪಿಸ್ಟ್ ನಿಧಾನ ಎತ್ತಿದಾಗ ಕಿವಿಯವರೆಗೂ ಹೋಯಿತು. ತಮ್ಮ ಕೈ ಅಷ್ಟೆತ್ತರ ಇರುವುದನ್ನು ಅವರು ತಿಂಗಳಿನಿಂದ ನೋಡಿರಲಿಲ್ಲ, ಒಂದು ಗಳಿಗೆ ಅದನ್ನೇ ನೋಡುತ್ತಿದ್ದರು.

ಹಾಗಿದ್ದರೆ ಹತ್ತರ ಬದಲು ನೂರು ಯಾಕೆ? ಇದಕ್ಕೆ ಉತ್ತರ ಕೊಟ್ಟವರು ಹೆಂಡತಿ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಪ್ಪನ ಕೈ ನೋವು ಕೇಳಿದಾಗೆಲ್ಲ ‘ತೋಟ ಕೊಟ್ಟುಬಿಡುವ, ಇಲ್ಲಿಗೇ ಬನ್ನಿ’ ಎನ್ನುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ‘ಫೋನ್ ಇಟ್ಟ ಮೇಲೆ ಇವ್ರು ಒಳಗೆ ಹೋಗಿ ಆ ರಬ್ಬರ್ ಪಟ್ಟಿ ಎಳೀಲಿಕ್ಕೆ ಶುರು ಮಾಡ್ತಾರೆ, ಊಟಕ್ಕೆ ಕರೆದ್ರೂ ಬರೂದಿಲ್ಲ’ ಎಂದರು. ಯಜಮಾನರು ಕಿಟಕಿ ಕಡೆ ನೋಡುತ್ತ, ‘ಅಪ್ಪ 65ರಲ್ಲೂ ಮರ ಹತ್ತಿದ್ದ’ ಎಂದಷ್ಟೇ ಹೇಳಿದರು.

ನನಗೆ ಅಲ್ಲಿ ವಿಷಯ ತಿಳಿಯಿತು. ಅವರು ಮಾಡುತ್ತಿದ್ದುದು ವ್ಯಾಯಾಮವಲ್ಲ, ಸಾಕ್ಷಿ ಹೇಳುವುದು. ಕೈ ಬಿದ್ದರೆ ತೋಟ ಹೋಯಿತು ಎಂಬ ಲೆಕ್ಕ ತಲೆಯಲ್ಲಿರುವವರಿಗೆ ‘ವಿಶ್ರಾಂತಿ ತಗೊಳ್ಳಿ’ ಎಂದರೆ ಅದು ಸೋಲೊಪ್ಪಿಕೋ ಎಂದು ಕೇಳಿಸುತ್ತದೆ. ಹಾಗಾಗಿ ವಿಶ್ರಾಂತಿ ಎಂಬ ಪದವನ್ನೇ ನಾನು ಕೈಬಿಟ್ಟೆ. ಕೊನೆ ಎಣಿಸಿ ಬರೆದಿಡುವ ಅವರದೇ ಪುಸ್ತಕವನ್ನು ತರಲು ಹೇಳಿದೆ. ಅದರ ಹಿಂದಿನ ಹಾಳೆಗಳಲ್ಲಿ ದಿನಕ್ಕೆ ಮೂರು ಅಂಕೆ: ಮಾಡಿದ ಕೆಲಸದ ಹೊತ್ತು, ಆಗಿನ ನೋವು, ಮರುದಿನ ಬೆಳಗಿನ ನೋವು, ಸೊನ್ನೆಯಿಂದ ಹತ್ತರೊಳಗೆ. ಮೂರು-ನಾಲ್ಕರವರೆಗಿನ ನೋವಿಗೆ ಹೆದರಬೇಕಿಲ್ಲ, ಬೆಳಗಾಗುವಷ್ಟರಲ್ಲಿ ಇಳಿದಿರಬೇಕು. ಇಳಿಯದಿದ್ದರೆ ಆ ದಿನ ಅರ್ಧ ಮಾಡುವುದು, ಪೂರಾ ನಿಲ್ಲಿಸುವುದಲ್ಲ.

ವ್ಯಾಯಾಮದ ಕ್ರಮ ಫಿಸಿಯೋಥೆರಪಿಸ್ಟ್‌ದು. ಮೊದಲು ಮೇಜಿಗೆ ಎಡಗೈ ಊರಿ, ಬಗ್ಗಿ, ಬಲಗೈಯನ್ನು ಜೋತುಬಿಟ್ಟು ಸಣ್ಣ ಸುತ್ತು ತೂಗುವುದು. ಆಮೇಲೆ ಬಾಗಿಲ ದಾರಂದಕ್ಕೆ ಮುಷ್ಟಿ ಒತ್ತಿ, ಕೈ ಕದಲಿಸದೆ ಹತ್ತು ಎಣಿಸುವುದು. ಉರಿ ತಗ್ಗಿದ ಮೇಲೆ ಮೊಣಕೈ ಪಕ್ಕೆಗೆ ತಾಗಿಸಿ, ನಡುವೆ ಟವೆಲ್ ಸುರುಳಿ ಇಟ್ಟು, ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ಜೊತೆಗೆ ಬೆನ್ನಿನ ಹಲಗೆ ಮೂಳೆಗಳನ್ನು ಹಿಂದಕ್ಕೆ ತರುವುದು, ಏಕೆಂದರೆ ಗೂನು ಭುಜದಲ್ಲಿ ಚಾವಣಿಯ ಅಡಿ ಜಾಗ ಇನ್ನೂ ಕಿರಿದು. ತಲೆಗಿಂತ ಮೇಲಿನ ಕೆಲಸ ಆರು ವಾರ ಬೇಡ. ರಾತ್ರಿ ಅಂಗಾತ ಮಲಗಿ ಬಲತೋಳಿನ ಅಡಿ ದಿಂಬು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ. ಮಲೆನಾಡಿನ ಮಳೆಯಲ್ಲಿ ಮಂಜುಗಡ್ಡೆ ಎಂದರೆ ಯಾರಿಗೂ ಮನಸ್ಸು ಬಾರದು. ಅವರೂ ಎರಡು ದಿನ ಇಟ್ಟು ಬಿಟ್ಟರು, ನಾನೂ ಒತ್ತಾಯಿಸಲಿಲ್ಲ.

ಇಂಜೆಕ್ಷನ್ ಬಗ್ಗೆ ಮಾತ್ರ ಜಗ್ಗಾಟವಾಯಿತು. ‘ಒಂದು ಚುಚ್ಚಿಸಿಕೊಂಡು ಕೊಯ್ಲು ಮುಗಿಸ್ತೇನೆ’ ಎಂಬುದು ಅವರ ಹಟ. ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಕೆಲವು ವಾರ ನೋವು ತಗ್ಗಬಹುದು, ಸಕ್ಕರೆ ಕೆಲವು ದಿನ ಏರಬಹುದು, ಎರಡನ್ನೂ ವೈದ್ಯರು ತಿಳಿಸಿದರು. ರಾತ್ರಿ ನಿದ್ದೆಯೇ ಇಲ್ಲದೆ ವ್ಯಾಯಾಮ ಮುಂದುವರಿಯದ ಕಾರಣ ನಾಲ್ಕನೇ ವಾರ ಒಂದು ಕೊಟ್ಟರು. ಸಕ್ಕರೆ ಏರಿತು, ದಿನಾ ನೋಡಿಕೊಂಡರು, ವಾರದೊಳಗೆ ಇಳಿಯಿತು. ನನ್ನ ಮಾತು ಇಷ್ಟೇ: ಇದು ಪಟ್ಟಿ ಎಳೆಯಲು ಸಿಕ್ಕ ಬಿಡುವು, ದೋಟಿ ಹಿಡಿಯಲು ಸಿಕ್ಕ ಪರವಾನಗಿ ಅಲ್ಲ.

ಆಪರೇಷನ್ ಮಾಡಿ ಆ ಚಾವಣಿಯನ್ನೇ ಕೆತ್ತಿಸಿದರೆ ಹೇಗೆ ಎಂದು ಮಗ ಕೇಳಿದ. ಒಂದು ಕಾಲದಲ್ಲಿ ಅದು ಬಹಳ ನಡೆಯುತ್ತಿತ್ತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಮೂಳೆ ಕೆತ್ತಿಸಿಕೊಂಡವರಿಗೂ ಕ್ಯಾಮೆರಾ ಹಾಕಿ ನೋಡಿ ಏನೂ ಕೆತ್ತದೆ ಬಿಟ್ಟವರಿಗೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈಚೆಗೆ ಇಂಥ ನೋವಿಗೆ ವ್ಯಾಯಾಮವೇ ಮೊದಲು. ಮಗನಿಗೆ ಇದನ್ನು ಫೋನಿನಲ್ಲೇ ತಿಳಿಸಿ, ಕೊಯ್ಲು ಮುಗಿಯುವವರೆಗೆ ತೋಟ ಮಾರುವ ಮಾತೆತ್ತಬೇಡಿ ಎಂದೂ ಕೇಳಿಕೊಂಡೆ. ಅದಕ್ಕೆ ಒಪ್ಪಿದ. ನನ್ನ ಎಣಿಕೆಯಲ್ಲಿ ಆ ಒಂದು ಫೋನ್ ನನ್ನ ಉಳಿದ ಭೇಟಿಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಮನೆಯವರಿಗೆ ಬರೆದುಕೊಟ್ಟ ಎಚ್ಚರಿಕೆಯನ್ನು ಇಲ್ಲಿಯೂ ಹೇಳಬೇಕು. ಭುಜ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕೈ ಎತ್ತಲಿಕ್ಕೇ ಬಲವಿಲ್ಲದಿದ್ದರೆ ವ್ಯಾಯಾಮ ಬಿಟ್ಟು ಕೂಡಲೇ ವೈದ್ಯರಲ್ಲಿಗೆ. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಭುಜವನ್ನು ಮರೆತು ಆಸ್ಪತ್ರೆಗೆ ಓಡಬೇಕು.

ಹನ್ನೆರಡು ವಾರಕ್ಕೆ ಕೈ ಪೂರ್ತಿ ಮೇಲೆ ಹೋಗುತ್ತಿತ್ತು. ಬೆನ್ನ ಹಿಂದೆ ಮಾತ್ರ ಬಲಗೈ ಎಡಗೈಗಿಂತ ಒಂದು ಗೇಣು ಕೆಳಗೇ ನಿಲ್ಲುತ್ತಿತ್ತು. ಕೊಯ್ಲಿಗೆ ದೋಟಿಯವರನ್ನು ಗುತ್ತಿಗೆಗೆ ಕರೆಸಿ, ತಾವು ಕೊನೆ ಎಣಿಸಿ, ಸುಲಿಯುವಲ್ಲಿ ನಿಂತರು. ಜನವರಿಯ ಭೇಟಿಯಲ್ಲಿ ಪುಸ್ತಕ ತೋರಿಸಿದರು. ಕೊನೆಯ ಹಾಳೆಯಲ್ಲಿ ಅವರ ಅಕ್ಷರ: ‘ದೋಟಿ 20 ನಿಮಿಷ. ನೋವು 2. ಬೆಳಿಗ್ಗೆ 0.’ ಅದರ ಕೆಳಗೆ ಬೇರೆ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ: ‘20 ಅಲ್ಲ, 35.’