ಅಪ್ಪನ ಹೆಸರು ಎಲ್ಲಿ ಬರೆಸೋಣ?

ಈ ವಾರದ ಒಂದು ಪತ್ರ ಓದಿ ಸುಮ್ಮನಿರೋಕೆ ಆಗಲಿಲ್ಲ. ಬರೆದವರು ಅರಸೀಕೆರೆ ಕಡೆಯವರು, ಈಗ ಬೆಂಗಳೂರಿನಲ್ಲಿದ್ದಾರೆ. ಅಪ್ಪ ತೀರಿಕೊಂಡು ವರ್ಷವಾಯಿತು. ಜಮೀನು ಮಾರಿದ ದುಡ್ಡಿನಲ್ಲಿ 12 ಲಕ್ಷವನ್ನು ಅಪ್ಪ ಓದಿದ ಸರ್ಕಾರಿ ಹೈಸ್ಕೂಲಿಗೆಂದು ಎತ್ತಿಟ್ಟಿದ್ದಾರೆ. ಅಣ್ಣನಿಗೆ ಟ್ರಸ್ಟ್ ಆಗಬೇಕು, ಶಾಲೆ ಮುಂದೆ ಅಪ್ಪನ ಹೆಸರಿನ ಕಮಾನು ಏಳಬೇಕು. ಅಮೆರಿಕದ ತಮ್ಮನಿಗೆ ಸ್ಮಾರ್ಟ್ ಕ್ಲಾಸ್. ಇವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರಿಗೆ ದತ್ತಿ ಬಹುಮಾನ. ತಿಥಿ ಊಟದ ಎಲೆ ಮುಂದೆಯೇ ಜಗಳವಾಗಿ, ಈಗ ಮೂವರೂ ಮಾತು ಬಿಟ್ಟಿದ್ದಾರೆ. ಯಾರದ್ದು ಸರಿ ಅಂತ ಕೇಳಿದ್ದಾರೆ.

ನಾಲ್ಕು ಪುಟದ ಪತ್ರ. ಮೂರನೇ ಪುಟದ ಕೊನೆಗೆ ಒಂದೇ ಸಾಲು: 'ಎಚ್ಎಂ ಮೇಡಂ ಮಾತ್ರ, ಟಾಯ್ಲೆಟ್ ತೊಳೆಯೋರಿಲ್ಲ, ಅದಕ್ಕೇನಾದ್ರೂ ಮಾಡಿ ಅಂದ್ರು.'

ಅಲ್ಲಮ್ಮಾ, ಉತ್ತರ ನಿಮ್ಮ ಪತ್ರದಲ್ಲೇ ಇದೆಯಲ್ವಾ? ತೊಳೆಯೋರಿಲ್ಲದ ಟಾಯ್ಲೆಟ್ಟಿಗೆ ಬೀಗ ಬೀಳುತ್ತದೆ. ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರಲ್ಲ. ಬೀಗ ಹಾಕದಿದ್ದರೆ ಪೊರಕೆ ಮಕ್ಕಳ ಕೈಗೇ ಬರುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೇ ಇಳಿಸಿದ್ದು ನೆನಪಿದೆ ತಾನೆ?

ಅಣ್ಣನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅಪ್ಪನ ಹೆಸರು ಊರಲ್ಲಿ ಉಳಿಯಲಿ ಅಂತ ಮಗನಿಗೆ ಅನ್ನಿಸುವುದು ಸಹಜ. ನನ್ನ ಸಿಟ್ಟೆಲ್ಲ 'ಒಂದು ಟ್ರಸ್ಟ್ ಮಾಡಿಬಿಡಿ ಸಾರ್' ಎಂದ ಅವರ ಆಡಿಟರ್ ಗೆಳೆಯನ ಮೇಲೆ. ನೋಂದಣಿ, ಪ್ಯಾನ್, ಆದಾಯ ತೆರಿಗೆಯವರ ಅನುಮತಿ, ವರ್ಷ ವರ್ಷ ರಿಟರ್ನ್ಸ್, ಆದಾಯದಲ್ಲಿ ನೂರಕ್ಕೆ 85ರಷ್ಟು ಖರ್ಚು ಮಾಡಿದ್ದಕ್ಕೆ ಲೆಕ್ಕ. 12 ಲಕ್ಷಕ್ಕೆ ಇಷ್ಟೆಲ್ಲ ಯಾಕೆ? ಆ ಮಹಾನುಭಾವರಿಗೆ ಫೀಸು ಬರುತ್ತದೆ, ಅಷ್ಟೇ. ಇನ್ನು ಕಮಾನು. ಟ್ಯೂಬ್‌ಲೈಟಿನ ತುಂಬ ದಾನಿಯ ಹೆಸರು ಬರೆಸಿ ಬೆಳಕೇ ಬಾರದಂತೆ ಮಾಡುವ ಊರುಗಳ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೋ, ಇನ್ನೊಂದು ಸಲ ಬೇಡ.

ನಿಮ್ಮ ದತ್ತಿಯನ್ನೂ ನಾನು ಒಪ್ಪಲ್ಲ. ಹಿಂದೆ ಐದು ಸಾವಿರ ಇಟ್ಟ ದತ್ತಿಗೆ ಇವತ್ತು ಶೇಕಡಾ 7ರ ಲೆಕ್ಕದಲ್ಲಿ ಬರುವುದು 350 ರೂಪಾಯಿ. ಶಾಲು, ಹಾರಕ್ಕೇ ಸಾಲದು. ಅದೂ ಅಲ್ಲದೆ, ಮೊದಲು ಬಂದವಳನ್ನು ಹೇಗೂ ಊರೆಲ್ಲ ಹೊಗಳುತ್ತದೆ, ನಿಮ್ಮ ಬಹುಮಾನ ಬೇಕಾಗಿಲ್ಲ. ಇನ್ನು ಸ್ಮಾರ್ಟ್ ಕ್ಲಾಸು. ಅದರ ಬ್ಯಾಟರಿ ಕೈಕೊಟ್ಟ ದಿನ ತಮ್ಮ ಅಮೆರಿಕದಿಂದ ಬರ್ತಾರಾ?

ದೊಡ್ಡ ದುಡ್ಡಿರುವವರು ಏನು ಮಾಡಿದರು ನೋಡಿ. ನಮ್ಮ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಲ್ಲಿ ಆರು ದಿನಕ್ಕೆ ಬಂತು. ಹೆಚ್ಚಿನ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಅದಕ್ಕೆಂದು ಅವರು ಬೇರೆ ಅಡುಗೆಮನೆ ಕಟ್ಟಲಿಲ್ಲ. ಬಿಸಿಯೂಟ ಬೇಯುವ ಒಲೆಯಲ್ಲೇ ಮೊಟ್ಟೆಯೂ ಬೇಯುತ್ತದೆ. ನಡೆಯುತ್ತಿರುವ ಕೆಲಸಕ್ಕೆ ದುಡ್ಡು ಸೇರಿಸಿದರು.

ನಿಮ್ಮ ಲೆಕ್ಕವೂ ಅಷ್ಟೇ ಸುಲಭ. 12 ಲಕ್ಷ ಎಫ್‌ಡಿಯಲ್ಲಿಟ್ಟರೆ ಶೇಕಡಾ 7ರಂತೆ ವರ್ಷಕ್ಕೆ 84 ಸಾವಿರ, ತಿಂಗಳಿಗೆ 7 ಸಾವಿರ. ದಿನಕ್ಕೆರಡು ಗಂಟೆ ಬಂದು ತೊಳೆದು ಹೋಗುವ ಒಬ್ಬರ ಸಂಬಳ ಅದರಲ್ಲಿ ಆಗುತ್ತದೆ. ಗ್ಲೌಸು, ಬೂಟು, ಉದ್ದ ಹಿಡಿಯ ಬ್ರಷ್ಷು, ಫಿನಾಯಿಲಿನ ಖರ್ಚು ತಮ್ಮ ನೋಡಿಕೊಳ್ಳಲಿ. ಬೆಲೆ ಏರಿದಂತೆ ಸಂಬಳವೂ ಏರಬೇಕು, ಅದನ್ನು ಮೂವರೂ ಹಂಚಿಕೊಳ್ಳಿ.

ಟಾಯ್ಲೆಟ್ ಗೋಡೆ ಮೇಲೆ ಅಪ್ಪನ ಹೆಸರು ಬರೆಸೋಕೆ ಅಣ್ಣ ಒಪ್ಪಲ್ಲ. ಒಪ್ಪಬೇಕಾಗೂ ಇಲ್ಲ.

ನೀವು ಮಾಡಬೇಕಾದ್ದು ಒಂದೇ. ಅಣ್ಣ ತಮ್ಮಂದಿರು ಒಪ್ಪಲಿ ಅಂತ ಕಾಯಬೇಡಿ. ಎಚ್ಎಂ ಮೇಡಂ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಜೊತೆ ಮಾತಾಡಿ, ಈ ತಿಂಗಳ ಸಂಬಳವನ್ನು ನಿಮ್ಮ ಕೈಯಿಂದಲೇ ಶುರು ಮಾಡಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಬೇಸಿಗೆ ರಜೆಯ ಏಪ್ರಿಲ್, ಮೇ ಸಂಬಳ ಹಿಡಿಯಬೇಡಿ.