ಹಳೇ ರೆಕಾರ್ಡರ್ ವಾಪಸ್ ಕೊಡುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬ್ರಹ್ಮಾವರದ ಹತ್ತಿರ. 2012ರಲ್ಲಿ ತೆಗೆದುಕೊಂಡ ಡಿಟಿಎಚ್ ರೆಕಾರ್ಡರ್ ಬಾಕ್ಸ್ ಉಂಟು, ಒಳಗೆ 500 ಜಿಬಿ ಹಾರ್ಡ್ ಡಿಸ್ಕ್. ಈಗ ಕಟಕಟ ಶಬ್ದ ಬರುತ್ತದೆ, ನಡುನಡುವೆ ಚಿತ್ರ ನಿಂತುಬಿಡುತ್ತದೆ. ಕಂಪನಿಗೆ ಫೋನ್ ಮಾಡಿದರೆ ಆ ಮಾಡೆಲ್ ಈಗ ಇಲ್ಲ, ಹಳೆಯದು ಕೊಡಿ, ಹೊಸ ಬಾಕ್ಸ್ ಹಾಕಿ ಕೊಡುತ್ತೇವೆ ಅನ್ನುತ್ತಾರೆ. ಅದರಲ್ಲಿ ಮಾವನವರು ಮದ್ದಳೆ ಬಾರಿಸಿದ ಒಂದು ಯಕ್ಷಗಾನ ಪ್ರಸಂಗ ಉಂಟು, ಚಂದನದಲ್ಲಿ ಬಂದದ್ದು. ಮಾವ ಈಗ ಇಲ್ಲ. ಅತ್ತೆ ತಿಂಗಳಿಗೊಮ್ಮೆಯಾದರೂ ಅದನ್ನು ಹಾಕಿಸಿಕೊಂಡು ನೋಡುತ್ತಾರೆ. ಯಾವ ಹೊಸ ಬಾಕ್ಸ್ ತೆಗೆದುಕೊಳ್ಳಬೇಕು? ಹಳೇ ಡಿಸ್ಕನ್ನು ಹೊಸದಕ್ಕೆ ಹಾಕಬಹುದಾ?

ಉತ್ತರ: ಅಕ್ಕಾ, ಮೊದಲು ಒಂದು ಮಾತು. ಆ ಬಾಕ್ಸನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ರೀಚಾರ್ಜ್ ಕೂಡ ನಿಲ್ಲಿಸಬೇಡಿ. ಹೊಸ ಬಾಕ್ಸ್ ನಾಳೆಯೂ ಸಿಗುತ್ತದೆ, ಮುಂದಿನ ತಿಂಗಳೂ ಸಿಗುತ್ತದೆ. ಮಾವನವರ ಮದ್ದಳೆ ಮಾತ್ರ ಈ ಪೆಟ್ಟಿಗೆ ಬಿಟ್ಟರೆ ಬೇರೆಲ್ಲೂ ಇಲ್ಲ.

ಡಿಸ್ಕ್ ಬಿಚ್ಚಿ ಹೊಸ ಬಾಕ್ಸಿಗೆ ಹಾಕಿದರೆ ಏನೂ ಬರುವುದಿಲ್ಲ. ಕಂಪ್ಯೂಟರಿಗೆ ಜೋಡಿಸಿದರೂ ಅಷ್ಟೇ, ಖಾಲಿ ಡಿಸ್ಕ್ ಅಂತ ತೋರಿಸುತ್ತದೆ, ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಅಲ್ಲಿ ತಪ್ಪಿ ಹೌದು ಅಂತ ಒತ್ತಿದರೆ ಕಥೆ ಮುಗಿಯಿತು. ಡಿಟಿಎಚ್ ರೆಕಾರ್ಡಿಂಗ್‌ಗಳಿಗೆ ಬೀಗ ಹಾಕಿರುತ್ತಾರೆ, ಆ ಬೀಗದ ಕೀ ಅದೇ ಬಾಕ್ಸಿನಲ್ಲಿ, ಅದಕ್ಕೆ ಹಾಕಿದ ಕಂಪನಿಯ ಕಾರ್ಡಿನಲ್ಲಿ ಇರುತ್ತದೆ. ಎಷ್ಟೋ ಬಾಕ್ಸ್‌ಗಳಲ್ಲಿ ರೀಚಾರ್ಜ್ ಮುಗಿದರೆ ನಾವೇ ಮಾಡಿಟ್ಟ ಹಳೇ ರೆಕಾರ್ಡಿಂಗ್ ಕೂಡ ತೆರೆಯುವುದಿಲ್ಲ. ಅದಕ್ಕೇ ರೀಚಾರ್ಜ್ ನಿಲ್ಲಿಸಬೇಡಿ ಅಂದದ್ದು.

ಇದು ನನಗೆ ಗೊತ್ತಾದದ್ದು ಕಳೆದುಕೊಂಡ ಮೇಲೆ. ನಮ್ಮ ಅಮ್ಮ ಒಮ್ಮೆ ಟಿವಿಯ ಅಡುಗೆ ಕಾರ್ಯಕ್ರಮದಲ್ಲಿ ಪತ್ರೊಡೆ ಮಾಡಿ ತೋರಿಸಿದ್ದರು, ಇಪ್ಪತ್ತು ನಿಮಿಷದ್ದು. ಹೀಗೇ ಬಾಕ್ಸ್ ಹಾಳಾಯಿತು ಅಂತ ಫೋನ್ ಮಾಡಿದೆವು, ಒಬ್ಬ ಹುಡುಗ ಬಂದು ಹೊಸದು ಕೂರಿಸಿ, ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡು ಹೋದ. ಸಂಜೆ ಅಮ್ಮ ಬಂದು ರಿಮೋಟ್ ಹಿಡಿದು ಹುಡುಕಿದಾಗಲೇ ನಮಗೆ ಹೊಳೆದದ್ದು. ಎರಡು ದಿನ ಓಡಾಡಿದೆ, ಆ ಬಾಕ್ಸ್ ಎಲ್ಲಿಗೆ ಹೋಯಿತು ಅಂತ ಹೇಳುವವರು ಯಾರೂ ಸಿಗಲಿಲ್ಲ. ನಿಮ್ಮ ಅತ್ತೆಗೆ ಹಾಗೆ ಆಗಬಾರದು.

ಈಗ ಕೆಲಸಕ್ಕೆ ಬರೋಣ. ಈ ರೆಕಾರ್ಡರ್‌ಗಳ ಡಿಸ್ಕ್ ಬೇಗ ಸವೆಯುವುದಕ್ಕೆ ಕಾರಣ ಉಂಟು. ನೇರ ಪ್ರಸಾರವನ್ನು ನಿಲ್ಲಿಸಿ, ಹಿಂದೆ ತಳ್ಳಿ ನೋಡುವ ಸೌಕರ್ಯ ಉಂಟಲ್ವಾ, ಅದಕ್ಕಾಗಿ ನೀವು ಏನೂ ರೆಕಾರ್ಡ್ ಮಾಡದಿದ್ದರೂ ಬಾಕ್ಸ್ ಆನ್ ಇರುವಷ್ಟು ಹೊತ್ತೂ ಡಿಸ್ಕಿನ ಮೇಲೆ ಬರೆಯುತ್ತಲೇ ಇರುತ್ತದೆ. ಅದರ ಮೇಲೆ ನಮ್ಮ ಕಡೆಯ ಸೆಕೆ. ಕಟಕಟ ಅಂದರೆ ದಿನ ಎಣಿಸುತ್ತಿದೆ ಅಂತಲೇ ಅರ್ಥ. ಹಾಗಾಗಿ ಸುಮ್ನೆ ಆನ್ ಮಾಡಿ ಇಡಬೇಡಿ. ಟಿವಿ ಸ್ಟ್ಯಾಂಡಿನ ಒಳಗಿದ್ದರೆ ಹೊರಗೆ ತೆಗೆದು ಮೇಜಿನ ಮೇಲಿಡಿ, ಪಕ್ಕದಲ್ಲಿ ಒಂದು ಟೇಬಲ್ ಫ್ಯಾನ್ ಹಾಕಿ. ಹೊಸ ರೆಕಾರ್ಡಿಂಗ್ ಏನೂ ಹಾಕಬೇಡಿ. ಮೆನುವಿನಲ್ಲಿ ರೀಸೆಟ್ ಅಂತ ಕಂಡರೆ ಆ ಕಡೆ ಹೋಗಲೇಬೇಡಿ, ಫೋನಿನಲ್ಲಿ ಯಾರೇ ಹೇಳಿದರೂ.

ಪ್ರಸಂಗವನ್ನು ಹೊರಗೆ ತೆಗೆಯುವ ದಾರಿ ಒಂದೇ. ಬಾಕ್ಸಿನಲ್ಲಿ ಅದನ್ನು ಓಡಿಸಬೇಕು, ಹೊರಬರುವ ಚಿತ್ರವನ್ನು ಲ್ಯಾಪ್‌ಟಾಪ್‌ನಲ್ಲಿ ಹಿಡಿಯಬೇಕು. ಎಚ್‌ಡಿಎಂಐ ತೂತಿನಿಂದ ಸಾಮಾನ್ಯವಾಗಿ ಆಗುವುದಿಲ್ಲ, ಅಲ್ಲೂ ನಕಲು ತಡೆ ಇರುತ್ತದೆ, ಪರದೆ ಕಪ್ಪಾಗುತ್ತದೆ. ಹಿಂದುಗಡೆ ಹಳದಿ, ಬಿಳಿ, ಕೆಂಪು ಬಣ್ಣದ ಎವಿ ತೂತುಗಳಿದ್ದರೆ ಅದರಿಂದ ತೆಗೆಯಿರಿ. ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಅಂತ ಬೆರಳುದ್ದದ ಒಂದು ಸಾಧನ ಸಿಗುತ್ತದೆ, ಎವಿ ಒಳಗೆ ಹೋಗುವಂಥದ್ದೇ ಕೇಳಿ ತೆಗೆದುಕೊಳ್ಳಿ, ಅಂಗಡಿಯವರು ಎಚ್‌ಡಿಎಂಐನದ್ದು ಕೊಟ್ಟರೆ ನಿಮಗೆ ಉಪಯೋಗವಿಲ್ಲ. ಲ್ಯಾಪ್‌ಟಾಪ್‌ಗೆ ಒಬಿಎಸ್ ಸ್ಟುಡಿಯೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅಳತೆ 720 ಗುಣಿಸು 576, ಸೆಕೆಂಡಿಗೆ 25 ಫ್ರೇಮ್. ನಮ್ಮ ದೇಶದ ಟಿವಿ ಪ್ರಸಾರದ ಪಾಲ್ ಪದ್ಧತಿಯ ಲೆಕ್ಕ ಅದು, ಅದಕ್ಕಿಂತ ಜಾಸ್ತಿ ಇಟ್ಟರೂ ಎವಿ ಕೇಬಲ್ಲಿನಲ್ಲಿ ಬರುವ ಚಿತ್ರ ಚೆನ್ನಾಗುವುದಿಲ್ಲ, ಫೈಲ್ ದಪ್ಪ ಆಗುತ್ತದೆ ಅಷ್ಟೇ.

ಕೆಲವು ಬಾಕ್ಸ್‌ಗಳಲ್ಲಿ ಮೂರು ಬಣ್ಣದ ತೂತು ಇರುವುದಿಲ್ಲ, ಇಯರ್‌ಫೋನಿನದ್ದರ ಹಾಗೆ ಒಂದೇ ಸಣ್ಣ ತೂತು ಇರುತ್ತದೆ. ಅದಕ್ಕೆ ಬಾಕ್ಸಿನ ಜೊತೆ ಬಂದ ಕೇಬಲ್ಲೇ ಒಳ್ಳೆಯದು. ಬೇರೆ ಕೇಬಲ್ ಹಾಕಿದರೆ ಒಳಗಿನ ತಂತಿಯ ಕ್ರಮ ಬೇರೆ ಇರುತ್ತದೆ, ಚಿತ್ರ ಬರದೆ ಗುಂಯ್ ಅಂತ ಶಬ್ದ ಬರುತ್ತದೆ. ಆಗ ಹಳದಿ ಪಿನ್ ಇದ್ದಲ್ಲಿಗೆ ಕೆಂಪು ಹಾಕಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಯಾಗುತ್ತದೆ.

ಮೊದಲು ಐದು ನಿಮಿಷ ಮಾತ್ರ ಹಿಡಿದು, ಓಡಿಸಿ ನೋಡಿ. ಶಬ್ದ ಬಂದಿದೆಯಾ, ಭಾಗವತರ ತುಟಿಗೂ ಪದಕ್ಕೂ ತಾಳೆ ಆಗುತ್ತದಾ, ವೇಷಧಾರಿಗಳು ಅಗಲ ಅಥವಾ ಉದ್ದ ಎಳೆದ ಹಾಗೆ ಕಾಣುತ್ತಾರಾ ಅಂತ ನೋಡಿಕೊಳ್ಳಿ. ಎಳೆದ ಹಾಗಿದ್ದರೆ ಬಾಕ್ಸಿನ ಸೆಟ್ಟಿಂಗ್‌ನಲ್ಲಿ 4:3 ಅಥವಾ 16:9 ಬದಲಿಸಿ. ಆಮೇಲೆ ಪೂರ್ತಿ ಹಿಡಿಯಿರಿ. ಇದಕ್ಕೆ ಅವಸರದ ದಾರಿ ಇಲ್ಲ, ಮೂರು ಗಂಟೆಯ ಪ್ರಸಂಗಕ್ಕೆ ಮೂರು ಗಂಟೆಯೇ ಬೇಕು. ಲ್ಯಾಪ್‌ಟಾಪ್ ನಡುವೆ ನಿದ್ದೆ ಹೋಗದ ಹಾಗೆ ಮಾಡಿ, ಚಾರ್ಜರ್ ಹಾಕಿಡಿ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೂ ಒಮ್ಮೆ ನೋಡಿದ ಹಾಗಾಯಿತು.

ಡಿಸ್ಕ್ ತೀರಾ ಕೈಕೊಡುವ ಹಾಗೆ ಕಂಡರೆ ಕ್ಯಾಪ್ಚರ್ ಸಾಧನ ಬರುವವರೆಗೆ ಕಾಯಬೇಡಿ. ಕೋಣೆ ಕತ್ತಲು ಮಾಡಿ, ಮೊಬೈಲನ್ನು ಅಲ್ಲಾಡದ ಹಾಗೆ ಟಿವಿ ಮುಂದೆ ನಿಲ್ಲಿಸಿ, ಇವತ್ತೇ ಒಂದು ನಕಲು ಮಾಡಿಡಿ. ಚಂದ ಬರುವುದಿಲ್ಲ, ನಿಜ. ಆದರೆ ಮದ್ದಳೆಯ ಪೆಟ್ಟು ಕೇಳುತ್ತದೆ.

ಫೈಲ್ ಕೈಗೆ ಬಂದ ಮೇಲೆ ಎರಡು ಕಡೆ ಇಡಿ. ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಲ್ಲಿರುವ ಮಕ್ಕಳ ಹತ್ತಿರ. ಬರೀ ಪೆನ್ ಡ್ರೈವ್ ನಂಬಬೇಡಿ. ಮಳೆಗಾಲದಲ್ಲಿ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮನೆಯವರು ನೋಡುವುದಕ್ಕೆ ಇಟ್ಟುಕೊಳ್ಳಿ, ಯೂಟ್ಯೂಬಿಗೆ ಹಾಕಬೇಡಿ, ಪ್ರಸಾರದ ಹಕ್ಕು ಚಾನೆಲ್‌ನವರದ್ದು.

ಇನ್ನು ಹೊಸ ಬಾಕ್ಸ್. ನಿಮಗೆ ರೆಕಾರ್ಡ್ ಮಾಡಬೇಕಾದದ್ದು ಏನು ಅಂತ ಒಮ್ಮೆ ಯೋಚಿಸಿ. ಸೀರಿಯಲ್ ಆದರೆ ಈಗ ರೆಕಾರ್ಡರ್ ಬೇಡ. ಝೀ ಕನ್ನಡದ್ದು ಝೀ5ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ, ಸುವರ್ಣ ಮತ್ತು ಕಲರ್ಸ್ ಕನ್ನಡದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ ಸಿಗುತ್ತದೆ. ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿದ್ದರೆ ಅದೇ ಸಾಕು. ಆದರೆ ಆ್ಯಪಿನಲ್ಲಿ ಇರುವುದು ಅವರು ಇಟ್ಟಷ್ಟು ದಿನ ಮಾತ್ರ, ಒಂದು ದಿನ ತೆಗೆದರೆ ಇಲ್ಲ.

ಇಟ್ಟುಕೊಳ್ಳಬೇಕು ಅಂತಲೇ ರೆಕಾರ್ಡ್ ಮಾಡುವುದಾದರೆ, ಅದೂ ಚಂದನದ ಯಕ್ಷಗಾನ, ಸಂಗೀತ ಇಂಥದ್ದಾದರೆ, ನನ್ನ ಸಲಹೆ ಡಿಡಿ ಫ್ರೀ ಡಿಶ್. 2004ರಲ್ಲಿ ಶುರುವಾದ ದೂರದರ್ಶನದ ಸೇವೆ, ತಿಂಗಳ ಬಾಡಿಗೆ ಇಲ್ಲ. ಯುಎಸ್‌ಬಿ ರೆಕಾರ್ಡಿಂಗ್ ಇರುವ ಸಾಮಾನ್ಯ ಫ್ರೀ ಡಿಶ್ ಬಾಕ್ಸಿನಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಬೀಗವಿಲ್ಲದ, ಟಿಎಸ್ ಎಂಬ ಬಗೆಯ ವಿಡಿಯೋ ಫೈಲ್ ಬರುತ್ತದೆ. ಅದು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತದೆ, ಮೊಬೈಲಿಗೆ ಹಾಕಿಕೊಳ್ಳಬಹುದು, ಬಾಕ್ಸ್ ಸುಟ್ಟು ಹೋದರೂ ಫೈಲ್ ನಿಮ್ಮದೇ. ದುಡ್ಡು ಕಟ್ಟಿ ನೋಡುವ ಕೆಲವು ಡಿಟಿಎಚ್ ಬಾಕ್ಸ್‌ಗಳಲ್ಲೂ ಯುಎಸ್‌ಬಿ ರೆಕಾರ್ಡಿಂಗ್ ಇರುತ್ತದೆ, ಆದರೆ ಅಲ್ಲಿ ಮತ್ತೆ ಅದೇ ಬೀಗ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ಇದರಲ್ಲಿ ಮಾಡಿದ ರೆಕಾರ್ಡಿಂಗ್ ಬೇರೆ ಕಡೆ ಓಡುತ್ತದಾ? ಅಲ್ಲೇ ಪೆನ್ ಡ್ರೈವ್ ಹಾಕಿ, ಎರಡು ನಿಮಿಷ ರೆಕಾರ್ಡ್ ಮಾಡಿಸಿ, ಲ್ಯಾಪ್‌ಟಾಪ್‌ನಲ್ಲಿ ತೋರಿಸಿ ಅನ್ನಿ. ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಪದ್ಧತಿಯ, ಅಂದರೆ ಎಂಪೆಗ್ 4 ಬಾಕ್ಸೇ ಕೇಳಿ, ಹಳೇ ಎಂಪೆಗ್ 2 ಬಾಕ್ಸಿನಲ್ಲಿ ಎಲ್ಲ ಚಾನೆಲ್ ಸಿಗುವುದಿಲ್ಲ.

ಪೆನ್ ಡ್ರೈವಿನಲ್ಲಿ ಫೈಲ್ ಇಡುವ ಪದ್ಧತಿ ಎಫ್‌ಎಟಿ32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಸಾಮಾನ್ಯ ಚಾನೆಲ್ಲಿನ ರೆಕಾರ್ಡಿಂಗ್ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, ಹಾಗಾಗಿ ರಾತ್ರಿಯಿಡೀ ನಡೆಯುವ ಆಟ ಆದರೆ ಕೆಲವು ಬಾಕ್ಸ್ ತುಂಡು ತುಂಡಾಗಿ ಉಳಿಸುತ್ತದೆ, ಕೆಲವು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಬಾಕ್ಸ್ ಒಪ್ಪಿದರೆ ಖಾಲಿ ಪೆನ್ ಡ್ರೈವನ್ನು ಮೊದಲೇ ಆ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಛಾವಣಿಯ ಹಳೇ ಡಿಶ್ಶೇ ಸಾಕು, ಆದರೆ ತಿರುಗಿಸಬೇಕು. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್ 15 ಉಪಗ್ರಹದಿಂದ. ಉಡುಪಿಯಿಂದ ಅದು ಆಗ್ನೇಯ ದಿಕ್ಕಿಗೆ, 60 ಡಿಗ್ರಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಆ ಕಡೆ ತೆಂಗಿನಮರದ ತಲೆ ಅಡ್ಡ ಬರುತ್ತದಾ ಅಂತ ಮೊದಲೇ ನೋಡಿ. ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಬದಲಿಸಬೇಕಾಗಲೂಬಹುದು. ನಿಮ್ಮ ರೆಕಾರ್ಡರ್‌ಗೆ ಡಿಶ್‌ನಿಂದ ಎರಡು ಕೇಬಲ್ ಬಂದಿರುತ್ತದೆ, ಒಂದು ನೋಡುವುದಕ್ಕೆ, ಒಂದು ರೆಕಾರ್ಡಿಗೆ. ಹೊಸದಕ್ಕೆ ಒಂದೇ ಸಾಕು, ಉಳಿದದ್ದರ ತುದಿಗೆ ನೀರು ಹೋಗದ ಹಾಗೆ ಟೇಪ್ ಸುತ್ತಿ. ಒಂದೇ ಕೇಬಲ್ ಆದ್ದರಿಂದ ರೆಕಾರ್ಡ್ ಆಗುವಾಗ ಬೇರೆ ಚಾನೆಲ್ ನೋಡಲು ಸಾಮಾನ್ಯವಾಗಿ ಆಗುವುದಿಲ್ಲ, ಇದನ್ನು ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡಿ.

ಜೋರು ಮಳೆ ಬಂದಾಗ ಸಿಗ್ನಲ್ ಹೋಗಿ ರೆಕಾರ್ಡಿಂಗ್ ತುಂಡಾಗುತ್ತದೆ. ಜೂನ್, ಜುಲೈಯಲ್ಲಿ ಇದಕ್ಕೆ ಮದ್ದಿಲ್ಲ. ಅದಕ್ಕಿಂತ ದೊಡ್ಡ ಭಯ ಪತ್ತನಾಜೆಯ, ಅಂದರೆ ಮೇ ಕೊನೆಯ ಆಸುಪಾಸಿನ ಸಿಡಿಲು. ಗುಡುಗು ಶುರುವಾದರೆ ಪ್ಲಗ್ ತೆಗೆದರೆ ಸಾಲದು, ಡಿಶ್ ಕೇಬಲ್ಲನ್ನೂ ಬಾಕ್ಸಿನಿಂದ ಕಳಚಿಡಿ. ಬಾಕ್ಸ್ ಸುಡುವುದು ಎಷ್ಟೋ ಸಲ ಅದೇ ದಾರಿಯಿಂದ.

ಪ್ರಶ್ನೆ: 1994ರ ನಮ್ಮ ಮದುವೆಯ ವಿಸಿಆರ್ ಕ್ಯಾಸೆಟ್ ಮೂರು ಉಂಟು. ಕಿಟಕಿಯಲ್ಲಿ ನೋಡಿದರೆ ಒಳಗೆ ಬಿಳಿ ಬಿಳಿ ಕಾಣುತ್ತದೆ. ವಿಸಿಆರ್ ಕೆಟ್ಟಿದೆ, ಹೊಸದು ಎಲ್ಲಿ ಸಿಗುತ್ತದೆ? (ಸುರತ್ಕಲ್‌ನ ಓದುಗರು)

ಉತ್ತರ: ಹೊಸ ವಿಸಿಆರ್ ಎಲ್ಲೂ ಸಿಗುವುದಿಲ್ಲ. ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿತು. ನೀವು ನೋಡಿದ ಬಿಳಿ ಅಂದರೆ ಬೂಸ್ಟು. ಕಡಲ ಬದಿಯ ತೇವಕ್ಕೆ ಟೇಪಿನ ಅಂಚಿಗೆ ಹಿಡಿಯುತ್ತದೆ. ಆ ಕ್ಯಾಸೆಟ್ ಅನ್ನು ಯಾರ ವಿಸಿಆರ್‌ಗೂ ಹಾಕಬೇಡಿ. ಬೂಸ್ಟು ವಿಸಿಆರ್‌ನೊಳಗೆ ಟೇಪ್ ಓದುವ ಹೆಡ್ಡಿಗೆ ಅಂಟುತ್ತದೆ, ಆಮೇಲೆ ಅದರಲ್ಲಿ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹಬ್ಬುತ್ತದೆ, ಟೇಪ್ ಸಿಕ್ಕಿಕೊಂಡು ಹರಿಯಲೂಬಹುದು.

ಮೂರನ್ನೂ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿ ಕೆಲವು ವಾರ ಒಣಗಲು ಬಿಡಿ. ಬಿಸಿಲಿಗೆ ಇಡಬೇಡಿ. ಒಣಗಿದ ಮೇಲೆ ಹಳೇ ಕಾಲದಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದ ಸ್ಟುಡಿಯೋದವರ ಹತ್ತಿರ ಹೋಗಿ. ಅಂಥವರಲ್ಲಿ ಕೆಲವರು ವಿಸಿಆರ್ ಇನ್ನೂ ಸುಸ್ಥಿತಿಯಲ್ಲಿ ಇಟ್ಟಿರುತ್ತಾರೆ. ಕ್ಯಾಸೆಟ್ ಬಿಚ್ಚಿ ಟೇಪ್ ಸ್ವಚ್ಛ ಮಾಡಿಯೇ ಓಡಿಸುತ್ತೀರಾ ಅಂತ ಕೇಳಿ, ಇಲ್ಲ ಅಂದರೆ ವಾಪಸ್ ಬನ್ನಿ. ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಹಲ್ಲು ಇನ್ನೂ ಉಳಿದಿದ್ದರೆ ಕೊಡುವ ಮೊದಲೇ ಮುರಿದುಬಿಡಿ. ಅದು ಇಲ್ಲದಿದ್ದರೆ ತಪ್ಪಿಯೂ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ.

ಪ್ರಶ್ನೆ: ನಮ್ಮ ಸ್ಮಾರ್ಟ್ ಟಿವಿಯಲ್ಲೇ ರೆಕಾರ್ಡ್ ಬಟನ್ ಉಂಟು, ಪೆನ್ ಡ್ರೈವಿಗೆ ರೆಕಾರ್ಡ್ ಆಗುತ್ತದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದಿಲ್ಲ. ಯಾಕೆ? (ಮಂಗಳೂರು, ಬಿಜೈ)

ಉತ್ತರ: ಎಷ್ಟೋ ಟಿವಿಗಳು ಕೂಡ ತಾವು ಮಾಡಿದ ರೆಕಾರ್ಡಿಂಗ್‌ಗೆ ಬೀಗ ಹಾಕುತ್ತವೆ, ಅದೇ ಟಿವಿಯಲ್ಲಿ ಮಾತ್ರ ತೆರೆಯುತ್ತದೆ. ಟಿವಿಯ ಬೋರ್ಡ್ ಬದಲಿಸಿದರೂ ಹೋಗುತ್ತದೆ. ಇನ್ನೊಂದು ವಿಷಯ, ಆ ಬಟನ್ ಕೆಲಸ ಮಾಡುವುದು ಕೇಬಲ್ ಅಥವಾ ಆಂಟೆನಾ ತಂತಿ ನೇರ ಟಿವಿಗೇ ಬಂದಾಗ. ಸೆಟ್ ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಬರುವ ಚಿತ್ರವನ್ನು ಅದು ಹಿಡಿಯುವುದಿಲ್ಲ. ನಿಮ್ಮ ಪೆನ್ ಡ್ರೈವಿನಲ್ಲಿ ಈಗ ಮುಖ್ಯವಾದದ್ದು ಏನಾದರೂ ಇದ್ದರೆ, ಟಿವಿ ರಿಪೇರಿಗೆ ಹೋಗುವ ಮೊದಲು ಮೊಬೈಲಿನಲ್ಲಾದರೂ ಹಿಡಿದಿಡಿ.